ಕಡಬದ ತಾಮ್ರಶಾಸನದ ಗ್ರಹಪೀಡೆಯೂ ಕನ್ನಡನಾಡಿನ ಅಪಸ್ಮಾರ ಚಿಕಿತ್ಸೆಯೂ

೧

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಶಿಂಷಾನದಿಯ ದಡದಲ್ಲಿರುವ ಕಡಬವು ತನ್ನ ದೊಡ್ಡ ಕೆರೆಯಿಂದ ಸುತ್ತಣ ಸೀಮೆಯಲ್ಲಿ ಹೆಸರಾದ ಊರು. ನಾಡಿನ ಪೂರ್ವಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಈ ಊರಿನ ಹೆಸರು ಪರಿಚಿತವಾಗಿರುವುದು ಬೇರೊಂದು ಕಾರಣದಿಂದ. ಇಲ್ಲಿ ದೊರೆತ ರಾಷ್ಟ್ರಕೂಟರ ತಾಮ್ರಶಾಸನವು ಎಪಿಗ್ರಾಫಿಯಾ ಇಂಡಿಕಾದ ನಾಲ್ಕನೆಯ ಸಂಪುಟದಲ್ಲಿಯೂ, ತುಮಕೂರು ಜಿಲ್ಲೆಯ ಶಾಸನಗಳನ್ನೊಳಗೊಂಡು ೧೯೦೪ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟದಲ್ಲಿಯೂ ಅಚ್ಚಾಗಿದೆ. ಶಾಸನದ ಕಾಲ ಶಕವರ್ಷ ೭೩೫, ಎಂದರೆ ಸುಮಾರು ಕ್ರಿ. ಶ. ೮೧೨. ಆಗ ಆಳುತ್ತಿದ್ದವನು ಪ್ರಭೂತವರ್ಷನೆಂಬ ಬಿರುದಿನ ಮುಮ್ಮಡಿ ಗೋವಿಂದ.

ಗಂಗಮಂಡಲದ ಅಧಿಪತಿಯಾಗಿದ್ದ ಚಾಕಿರಾಜನ ಬಿನ್ನಹದ ಮೇಲೆ ಅರಸನು ಜಾಲಮಂಗಲವೆಂಬ ಗ್ರಾಮವನ್ನು ದಾನಮಾಡಿದನೆಂದು ಶಾಸನವು ತಿಳಿಸುತ್ತದೆ. ದಾನವನ್ನು ಪಡೆದವನು ಅರ್ಕಕೀರ್ತಿಯೆಂಬ ಜೈನಮುನಿ. ದಾನವು ಸಂದದ್ದು ಮಾನ್ಯಪುರದ ಪಶ್ಚಿಮಕ್ಕಿದ್ದ ಶಿಲಾಗ್ರಾಮದ ಜಿನೇಂದ್ರಾಲಯಕ್ಕೆ. ಮಾನ್ಯಪುರವೆಂದರೆ ಈಗಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ದಾನಕ್ಕೆ ಹೇಳಿರುವ ಕಾರಣವೇ ಈ ಶಾಸನದ ವಿಶೇಷ. ಕುನುಂಗಿಲ್ ದೇಶವನ್ನು ಆಳುತ್ತಿದ್ದ ಚಾಲುಕ್ಯವಂಶದ ವಿಮಲಾದಿತ್ಯನಿಗೆ ಶನೈಶ್ಚರನ ಪೀಡೆಯುಂಟಾಗಿತ್ತೆಂದೂ, ಅರ್ಕಕೀರ್ತಿಯು ಅದನ್ನು ನಿವಾರಿಸಿದನೆಂದೂ, ಆ ಉಪಕಾರಕ್ಕಾಗಿ ಈ ದಾನವೆಂದೂ ಅದರಲ್ಲಿ ಹೇಳಿದೆ. ಕುನುಂಗಿಲ್ ಎಂಬುದನ್ನು ವಿದ್ವಾಂಸರು ಈಗಿನ ಕುಣಿಗಲ್ಲೆಂದು ಗುರುತಿಸಿದ್ದಾರೆ.

ಮತಚರಿತ್ರೆಯನ್ನು ಬರೆಯುವವರು ಈ ಶಾಸನವನ್ನು ಯಾಪನೀಯ ಸಂಘದ ಇತಿಹಾಸಕ್ಕಾಗಿ ಬಳಸಿಕೊಂಡಿರುವರು. ರೋಗಚರಿತ್ರೆಯ ದೃಷ್ಟಿಯಿಂದಲೂ ಇದನ್ನು ಪರಿಶೀಲಿಸುವುದಕ್ಕೆ ಅವಕಾಶವಿದೆ. ಒಬ್ಬ ಮನುಷ್ಯನಿಗೆ ಪೀಡೆ ಬಂದಿತು. ಆ ಪೀಡೆಗೆ ಒಂದು ಹೆಸರನ್ನಿಟ್ಟರು. ಅದನ್ನು ಬಲ್ಲವನೊಬ್ಬನು ನಿವಾರಿಸಿದನು. ಪೀಡಿತನ ಕಡೆಯವರು ಕೃತಜ್ಞತೆಯಿಂದ ಒಂದು ಊರನ್ನೇ ಬಿಟ್ಟುಕೊಟ್ಟರು. ವಿಮಲಾದಿತ್ಯನನ್ನು ಕಾಡಿದ ವ್ಯಾಧಿ ಯಾವುದೆಂಬುದನ್ನು ಶಾಸನವು ಹೇಳಿಲ್ಲ. ಅದು ಜ್ವರವಾಗಿರಬಹುದು, ಮನೋವ್ಯಥೆಯಾಗಿರಬಹುದು, ದೇಹಕ್ಕೆ ಸಂಬಂಧಿಸದ ರಾಜ್ಯಕಷ್ಟವೂ ಆಗಿರಬಹುದು. ಇಲ್ಲದ ಲಕ್ಷಣಗಳನ್ನು ಊಹಿಸಿ ರೋಗನಿರ್ಣಯ ಮಾಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ಶಾಸನದಿಂದ ನಿಶ್ಚಯವಾಗಿ ತಿಳಿದುಬರುವುದಿಷ್ಟು: ಒಂಬತ್ತನೆಯ ಶತಮಾನದ ಕುಣಿಗಲ್ ಸೀಮೆಯಲ್ಲಿ ದುಸ್ಸಹವಾದ ಪೀಡೆಗೆ ಗ್ರಹವೇ ಕಾರಣವೆಂಬ ನಂಬಿಕೆ ರಾಜಸಭೆಯಲ್ಲಿಯೂ ಮಾನ್ಯವಾಗಿದ್ದಿತು.

೨

ಗ್ರಹವೆಂಬ ಈ ಹೆಸರು ಬೇರೆಲ್ಲ ವ್ಯಾಧಿಗಳಿಗಿಂತ ಹೆಚ್ಚು ಕಾಲ ಅಂಟಿಕೊಂಡು ಬಂದದ್ದು ಅಪಸ್ಮಾರಕ್ಕೆ. ಮೂರ್ಛೆರೋಗ, ಮಲರೋಗ ಎಂಬ ಹೆಸರುಗಳೂ ಇದಕ್ಕುಂಟು. ಚೆನ್ನಾಗಿದ್ದ ಮನುಷ್ಯನು ನಿಂತಲ್ಲಿಯೇ ಕುಸಿದು, ಕೈಕಾಲು ಸೆಳೆದು, ನೊರೆಗರೆದು, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವನಂತೆ ಎದ್ದು ಕುಳಿತುಕೊಳ್ಳುವುದನ್ನು ಕಂಡವರು ಅದನ್ನು ಹೊರಗಿನಿಂದ ಬಂದು ಹಿಡಿದು ಬಿಟ್ಟುಹೋದ ಶಕ್ತಿಯೆಂದು ಎಣಿಸಿದುದು ಆಶ್ಚರ್ಯವಲ್ಲ. ಜ್ವರವು ಏರಿ ಇಳಿಯುವುದನ್ನು ಕಣ್ಣು ಕಾಣುತ್ತದೆ. ಅಪಸ್ಮಾರದಲ್ಲಿ ಬರುವಿಕೆಗೂ ಹೋಗುವಿಕೆಗೂ ಕಾರಣ ಕಾಣುವುದಿಲ್ಲ.

ಆದರೆ ಪ್ರಾಚೀನ ವೈದ್ಯರೆಲ್ಲರೂ ಈ ನಂಬಿಕೆಯನ್ನು ಒಪ್ಪಿದವರೆಂದು ತಿಳಿಯಬಾರದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಈ ವಿಷಯವಾಗಿ ಒಂದು ಸ್ವಾರಸ್ಯವಾದ ವಾದವಿದೆ. ನಿಮಿತ್ತವಿಲ್ಲದೆ ಬಂದು ಚಿಕಿತ್ಸೆಯಿಲ್ಲದೆ ಹೋಗುವುದರಿಂದ ಅಪಸ್ಮಾರವು ಆಗಂತುಕವೆಂದು ಕೆಲವರು ಹೇಳುವರೆಂದು ಅಲ್ಲಿ ಪೂರ್ವಪಕ್ಷವನ್ನಿಟ್ಟು, ಅದು ದೇಹದ ದೋಷಗಳಿಂದಲೇ ಹುಟ್ಟುವುದೆಂದು ಸಿದ್ಧಾಂತಮಾಡಿದೆ. ಮಳೆ ಸುರಿದರೂ ಕೆಲವು ಬೀಜಗಳು ನೆಲದಲ್ಲಿಯೇ ಅಡಗಿದ್ದು ಶರತ್ಕಾಲದಲ್ಲಿ ಮೊಳೆಯುವಂತೆ, ದೋಷವೂ ಒಳಗೆ ಅಡಗಿದ್ದು ತನ್ನ ಕಾಲದಲ್ಲಿ ತಲೆದೋರುವುದೆಂಬುದು ಅಲ್ಲಿಯ ದೃಷ್ಟಾಂತ. ಅದೇ ಗ್ರಂಥದಲ್ಲಿ ಮಕ್ಕಳನ್ನು ಕಾಡುವ ನವಗ್ರಹಗಳಲ್ಲಿ ಸ್ಕಂದಾಪಸ್ಮಾರವೆಂಬ ಗ್ರಹದ ವರ್ಣನೆಯೂ ಇದೆ. ಎರಡು ಮತಗಳೂ ಒಂದೇ ಗ್ರಂಥದೊಳಗೆ ನೆಲೆಸಿದ್ದುವು. ಗ್ರೀಸ್ ದೇಶದಲ್ಲಿಯೂ ಇಂಥದೇ ವಾದ ನಡೆಯಿತು. ‘ಪವಿತ್ರರೋಗ’ವೆಂದು ಕರೆಯಲ್ಪಡುತ್ತಿದ್ದ ಇದು ಬೇರೆ ರೋಗಗಳಿಗಿಂತ ಹೆಚ್ಚು ಪವಿತ್ರವಲ್ಲವೆಂದೂ, ಇದರ ಮೂಲ ಮಿದುಳಿನಲ್ಲಿದೆಯೆಂದೂ ಹಿಪ್ಪೊಕ್ರಟೀಸನ ಪಂಥದ ಗ್ರಂಥವೊಂದು ಸಾಧಿಸಿತು.

ಚರಕನು ಅಪಸ್ಮಾರವನ್ನು ಸ್ಮೃತಿಯ ಅಪಗಮವೆಂದು ಲಕ್ಷಣಮಾಡಿ, ಅಂಥ ರೋಗಿಯನ್ನು ನೀರು, ಬೆಂಕಿ, ಮರ, ಬೆಟ್ಟ, ಹಳ್ಳತಿಟ್ಟುಗಳಿಂದ ಸದಾ ಕಾಪಾಡಬೇಕೆಂದು ವಿಧಿಸುತ್ತಾನೆ. ಔಷಧಕ್ಕಿಂತ ಬೇರೆಯಾದ, ಮನೆಯವರು ನಡಸಬೇಕಾದ ಈ ಎಚ್ಚರಿಕೆಯು ಇಂದಿಗೂ ಸತ್ಯವೇ ಆಗಿದೆ. ಮುಮ್ಮಡಿ ಗೋವಿಂದನ ಮಗನಾದ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯನೆಂಬ ಜೈನವೈದ್ಯನು ಆಹಾರೌಷಧಗಳಲ್ಲಿ ಮಾಂಸವನ್ನು ನಿಷೇಧಿಸಿ ವಾದಿಸಿದುದನ್ನು ಅವನ ಕಲ್ಯಾಣಕಾರಕದಿಂದ ತಿಳಿಯಬಹುದು. ಕಡಬದ ಶಾಸನಕ್ಕೆ ಒಂದು ತಲೆಮಾರಿನ ಆಚೆಗೆ, ಅದೇ ಅರಸುಮನೆತನದ ಆಶ್ರಯದಲ್ಲಿ, ಗ್ರಹಶಾಂತಿಯೂ ವೈದ್ಯವಾದವೂ ಹೀಗೆ ಜೊತೆಜೊತೆಯಾಗಿ ನಡೆದುವು.

ಇಲ್ಲಿ ಒಂದು ಶಬ್ದವಿಚಾರವನ್ನೂ ಗಮನಿಸಬಹುದು. ವರಾಹಮಿಹಿರನು ಬೃಹಜ್ಜಾತಕದಲ್ಲಿ ದೇಹದ ಧಾತುಗಳನ್ನು ಗ್ರಹಗಳಿಗೆ ಹಂಚುವಾಗ ಸ್ನಾಯುವನ್ನು ಶನಿಗೆ ಕೊಟ್ಟಿರುವನು. ಸ್ನಾಯುವೆಂದರೆ ಮೂಳೆಗಳನ್ನು ಬಿಗಿದಿರುವ ಕಟ್ಟು. ಕನ್ನಡದ ‘ನರ’ ಶಬ್ದವೂ ಮೊದಲು ದೇಹದ ಹುರಿಗಳನ್ನೆಲ್ಲ ಒಟ್ಟಾಗಿ ಸೂಚಿಸುತ್ತಿದ್ದಿತು. ಗ್ರೀಕರ ‘ನ್ಯೂರಾನ್’ ಎಂಬ ಮಾತೂ ಬಿಲ್ಲಿನ ಹೆದೆಗೆ, ಸ್ನಾಯುವಿಗೆ ಸಲ್ಲುತ್ತಿದ್ದುದೇ. ಅಂಗಚ್ಛೇದದಿಂದ ಈ ಹುರಿಗಳು ಬೇರೆಬೇರೆಯೆಂದು ತಿಳಿದ ಮೇಲೆ, ಮಿದುಳಿನಿಂದ ಹೊರಟು ಸಂವೇದನೆಯನ್ನೂ ಚಲನೆಯನ್ನೂ ಒಯ್ಯುವ ತಂತುವಿಗೆ ಆ ಹಳೆಯ ಹೆಸರೇ ನಿಂತಿತು. ಶನಿಗೆ ಸೇರಿದ್ದ ಸ್ನಾಯುವಿನಿಂದ ಮಿದುಳಿಗೆ ಸೇರಿದ ನರದವರೆಗೆ ನಡೆದು ಬಂದ ದಾರಿಯೇ ನರರೋಗಶಾಸ್ತ್ರದ ಚರಿತ್ರೆ.

೩

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ನನು, ಮಿದುಳಿನ ಬೂದುಪದಾರ್ಥದಲ್ಲಿ ಒಮ್ಮಿಂದೊಮ್ಮೆಗೆ ಆಗುವ ಅತಿಯಾದ ಶಕ್ತಿವಿಸರ್ಜನೆಯೇ ಅಪಸ್ಮಾರದ ಸೆಳವೆಂದು ನಿರೂಪಿಸಿದನು. ೧೯೧೨ರಲ್ಲಿ ಜರ್ಮನಿಯ ಹೌಪ್ಟ್‌ಮನ್ನನು ಫೀನೊಬಾರ್ಬಿಟಾಲ್ ಎಂಬ ನಿದ್ರೌಷಧಕ್ಕೆ ಸೆಳವನ್ನು ತಡೆಯುವ ಗುಣವಿರುವುದನ್ನು ಕಂಡುಕೊಂಡನು. ಹಾನ್ಸ್ ಬರ್ಗರನು ಮಿದುಳಿನ ವಿದ್ಯುತ್ತರಂಗಗಳನ್ನು ತಲೆಯ ಮೇಲಿನಿಂದಲೇ ಬರೆದುಕೊಳ್ಳುವ ಕ್ರಮವನ್ನು ೧೯೨೯ರಲ್ಲಿ ಪ್ರಕಟಿಸಿದನು. ೧೯೩೮ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಎಂಬವರು ಫೆನಿಟಾಯಿನ್ ಔಷಧವನ್ನು ಬಳಕೆಗೆ ತಂದರು. ಹೀಗೆ ಕಾರಣ, ಪರೀಕ್ಷೆ, ಔಷಧ ಮೂರೂ ಒಂದು ಶತಮಾನದೊಳಗೆ ಒದಗಿಬಂದುವು.

ಈ ವಿದ್ಯೆಯು ಕನ್ನಡನಾಡಿನಲ್ಲಿ ನೆಲೆಯೂರಿದುದು ಬೆಂಗಳೂರಿನಲ್ಲಿ. ಅಲ್ಲಿಯ ಹುಚ್ಚಾಸ್ಪತ್ರೆಯು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. ೧೯೫೪ರಲ್ಲಿ ಅದರ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲನೆಯ ನಿರ್ದೇಶಕರಾದರು. ಆಸ್ಪತ್ರೆಯೂ ಸಂಸ್ಥೆಯೂ ೧೯೭೪ರಲ್ಲಿ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ನಿಮ್ಹಾನ್ಸ್, ಎನಿಸಿಕೊಂಡುವು. ಮನಸ್ಸಿನ ರೋಗ, ನರದ ರೋಗ, ಶಸ್ತ್ರಚಿಕಿತ್ಸೆ, ರೋಗಿಯ ಪುನರ್ವಸತಿ ಇವೆಲ್ಲವೂ ಒಂದೇ ಆವರಣದೊಳಗೆ ಸೇರಿದುದು ಈ ಸಂಸ್ಥೆಯ ವಿಶೇಷ. ಅಪಸ್ಮಾರದ ವಿಷಯದಲ್ಲಿ ಇದರಿಂದ ಆದ ಪ್ರಯೋಜನ ದೊಡ್ಡದು. ಏಕೆಂದರೆ ಆ ರೋಗವು ನರವೈದ್ಯನಿಗೂ ಮನೋವೈದ್ಯನಿಗೂ ನಡುವಣ ಎಲ್ಲೆಯಲ್ಲಿ ನಿಂತು, ಎರಡು ಕಡೆಯಿಂದಲೂ ಉಪೇಕ್ಷೆಗೆ ಗುರಿಯಾಗತಕ್ಕದ್ದಾಗಿದ್ದಿತು.

೪

ಈ ಸಂಸ್ಥೆಯಲ್ಲಿ ನರರೋಗತಜ್ಞರಾಗಿದ್ದ ಡಾಕ್ಟರ್ ಕೆ. ಎಸ್. ಮಣಿಯವರು ೧೯೬೮ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಒಂದು ಪ್ರಾಥಮಿಕ ವರದಿಯನ್ನು ಪ್ರಕಟಿಸಿದರು. ಅದರ ವಿಷಯ ಬಿಸಿನೀರಿನ ಅಪಸ್ಮಾರ. ತಲೆಯ ಮೇಲೆ ಬಿಸಿನೀರನ್ನು ಹೊಯ್ದುಕೊಂಡಾಗ ಮಾತ್ರ ಸೆಳವು ಬರುವ ಈ ವಿಚಿತ್ರರೋಗವನ್ನು ೧೯೪೫ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯನು ಮೊದಲು ವರ್ಣಿಸಿದ್ದನು. ಅನಂತರ ಬೇರೆ ದೇಶಗಳಲ್ಲಿಯೂ ಅಲ್ಲೊಬ್ಬ ಇಲ್ಲೊಬ್ಬ ರೋಗಿ ಕಂಡುಬಂದನು. ಆದರೆ ಮೈಸೂರು ಸೀಮೆಯಲ್ಲಿ ಇದು ಅಪೂರ್ವವಲ್ಲವೆಂಬುದನ್ನು ಮಣಿಯವರು ತೋರಿಸಿಕೊಟ್ಟರು. ೧೯೭೨ರಲ್ಲಿ ಅವರು ೬೦ ಮಂದಿಯ, ೧೯೭೫ರಲ್ಲಿ ೧೦೮ ಮಂದಿಯ ವೃತ್ತಾಂತಗಳನ್ನು ಮಿದುಳಿನ ತರಂಗಲೇಖಗಳೊಡನೆ ಪ್ರಕಟಿಸಿದರು. ೧೯೮೮ರಲ್ಲಿ ನಿಮ್ಹಾನ್ಸಿನ ಡಾಕ್ಟರ್ ಪಿ. ಸತೀಶ್ಚಂದ್ರರೂ ಅವರ ಸಂಗಡಿಗರೂ ೨೭೯ ಮಂದಿಯನ್ನು ಕುರಿತು ಬರೆದರು. ಲೋಕದಲ್ಲಿ ವಿರಳವೆಂದು ಎಣಿಸಿದ್ದ ರೋಗಕ್ಕೆ ಅತಿ ದೊಡ್ಡ ಸಾಕ್ಷ್ಯಗಳಲ್ಲೊಂದು ಹೀಗೆ ಕನ್ನಡನಾಡಿನಲ್ಲಿ ಸಿದ್ಧವಾಯಿತು.

ಇದರ ಸಂದರ್ಭವು ಈ ನಾಡಿನ ಬಚ್ಚಲುಮನೆಯನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ಬೆರಕೆಮಾಡಿ, ಎಣ್ಣೆಯೊತ್ತಿದ ತಲೆಗೆ ಸೀಗೆಪುಡಿಯನ್ನು ತಿಕ್ಕಿ, ಚೊಂಬುಚೊಂಬಾಗಿ ಬೇಗಬೇಗನೆ ಹೊಯ್ಯುವುದು ರೂಢಿ. ನೀರಿನ ಶಾಖವು ಸಾಮಾನ್ಯವಾಗಿ ೪೦ ರಿಂದ ೫೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಇರುತ್ತದೆ. ರೋಗಿಯು ಹೆಚ್ಚಾಗಿ ಎಳೆಯ ಪ್ರಾಯದವನು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ಒಂದೆರಡು ಚೊಂಬು ನೀರು ಬೀಳುತ್ತಲೇ ನೋಟವು ಶೂನ್ಯವಾಗುತ್ತದೆ, ಅರ್ಥವಿಲ್ಲದ ಮಾತು ಹೊರಡುತ್ತದೆ, ಕೆಲವರಲ್ಲಿ ಮೈಯೆಲ್ಲ ಸೆಳೆಯುತ್ತದೆ. ಕೆಲವರು ಆ ಕ್ಷಣದಲ್ಲಿ ಒಂದು ಬಗೆಯ ಸುಖವನ್ನನುಭವಿಸಿ, ತಡೆದರೂ ಕೇಳದೆ ನೀರನ್ನು ಹೊಯ್ದುಕೊಳ್ಳುತ್ತಲೇ ಇರುವರು. ಈ ವರ್ತನೆಯನ್ನು ನೋಡಿದ ಮನೆಯವರಿಗೆ ಗ್ರಹದ ನೆನಪಾಗುವುದು ಸಹಜ. ಬಚ್ಚಲಿನಲ್ಲಿ ಬಂದು, ಬಚ್ಚಲಿನ ಹೊರಗೆ ಬಾರದ ಪೀಡೆಗೆ ಬೇರೆ ಯಾವ ಕಾರಣವೂ ಅವರಿಗೆ ತೋರುವುದಿಲ್ಲ.

ಸಂಶೋಧಕರು ಮಾಡಿದುದೇನೆಂದರೆ, ಮನೆಯವರು ಕಂಡ ಸಂಬಂಧವನ್ನು ತಳ್ಳಿಹಾಕದೆ ಅದನ್ನೇ ಪರೀಕ್ಷೆಗೆ ತೆಗೆದುಕೊಂಡುದು. ೧೯೯೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳ ಮೇಲೆ ಬಿಸಿನೀರನ್ನು ಹಾಯಿಸಿ, ಶಾಖದಿಂದ ಸೆಳವು ಮರುಕಳಿಸಿದಷ್ಟೂ ಮುಂದಿನ ಸೆಳವು ಸುಲಭವಾಗುತ್ತ ಹೋಗುವುದನ್ನು ಕಂಡರು. ರೋಗಿಗಳಲ್ಲಿಯೂ ಕೆಲವರಿಗೆ ಕಾಲಾಂತರದಲ್ಲಿ ನೀರಿನ ಸಂಬಂಧವಿಲ್ಲದೆಯೇ ಸೆಳವು ಬರತೊಡಗುವುದುಂಟು. ಆದುದರಿಂದ ಬೇಗನೆ ಗುರುತಿಸುವುದು ಅವಶ್ಯಕ. ಹಲವು ಮನೆತನಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವುದನ್ನು ಗಮನಿಸಿ, ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರೂ ನಿಮ್ಹಾನ್ಸಿನವರೂ ಕೂಡಿ ೨೦೦೯ರಲ್ಲಿ ಹತ್ತನೆಯ ವರ್ಣತಂತುವಿನ ಒಂದು ಭಾಗಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಮಿದುಳಿನಲ್ಲಿ ಶಾಖವನ್ನು ಹದದಲ್ಲಿಡುವ ವ್ಯವಸ್ಥೆಯೇ ಇಂಥವರಲ್ಲಿ ಹುಟ್ಟಿನಿಂದ ಸೂಕ್ಷ್ಮವಾಗಿರುವುದೆಂದು ಸಂಶೋಧಕರ ಊಹೆ. ಒಳಗೆ ಅಡಗಿದ್ದು ಕಾಲ ಬಂದಾಗ ಮೊಳೆಯುವ ಬೀಜವೆಂಬ ಸುಶ್ರುತದ ದೃಷ್ಟಾಂತವು ಇಲ್ಲಿ ನೆನಪಿಗೆ ಬಾರದಿರದು.

ಚಿಕಿತ್ಸೆಯಾದರೋ ಬಹು ಸರಳವಾದುದು. ನೀರಿನ ಶಾಖವನ್ನು ಇಳಿಸಿ ಉಗುರುಬೆಚ್ಚಗೆ ಮಾಡುವುದು, ತಲೆಗೆ ಒಮ್ಮೆಲೇ ಹೊಯ್ಯದೆ ಒದ್ದೆಬಟ್ಟೆಯಿಂದ ಒರಸುವುದು, ಇಷ್ಟರಿಂದಲೇ ಅನೇಕರಿಗೆ ಗುಣವುಂಟು. ಸಾಲದವರಿಗೆ ಸ್ನಾನಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಕ್ಲೊಬಜಾಮ್ ಎಂಬ ಗುಳಿಗೆಯನ್ನು ವೈದ್ಯರ ಅಪ್ಪಣೆಯಂತೆ ಕೊಡುವ ಕ್ರಮವನ್ನು ಸತೀಶ್ಚಂದ್ರರು ಬಳಕೆಗೆ ತಂದರು. ದಿನದಿನವೂ ಔಷಧ ಬೇಕಾಗುವುದು ಬೇರೆ ಸೆಳವೂ ಇರುವವರಿಗೆ ಮಾತ್ರ. ಹಬ್ಬದ ದಿನ ಎಣ್ಣೆನೀರಿನಿಂದ ದೂರವಿರಿಸಲ್ಪಟ್ಟ ಹುಡುಗನು ಮತ್ತೆ ಎಲ್ಲರೊಡನೆ ಸ್ನಾನಮಾಡಿ ಹಬ್ಬದೂಟಕ್ಕೆ ಕುಳಿತುಕೊಳ್ಳುವುದು ಇದರಿಂದ ಸಾಧ್ಯವಾಯಿತು.

೫

ಆಸ್ಪತ್ರೆಗೆ ಬಂದವರಿಗೆ ಇಷ್ಟಾಯಿತು. ಬಾರದವರ ಗತಿಯೇನೆಂಬುದು ಮುಂದಿನ ಪ್ರಶ್ನೆ. ಡಾಕ್ಟರ್ ಎಂ. ಗೌರೀದೇವಿಯವರ ನೇತೃತ್ವದಲ್ಲಿ ಬೆಂಗಳೂರಿನ ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ೧೯೯೩–೯೫ರಲ್ಲಿ ೧,೦೨,೫೫೭ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ, ಅಪಸ್ಮಾರವು ನಗರದಲ್ಲಿ ಸಾವಿರಕ್ಕೆ ೫.೭ರಂತೆಯೂ ಹಳ್ಳಿಗಳಲ್ಲಿ ೧೧.೯ರಂತೆಯೂ ಕಂಡುಬಂದಿತು. ವೈದ್ಯರು ಹೆಚ್ಚಾಗಿರುವ ಕಡೆ ರೋಗಿಗಳು ಕಡಮೆ. ರೋಗಿಗಳು ಹೆಚ್ಚಾಗಿರುವ ಕಡೆ ವೈದ್ಯರು ಕಡಮೆ.

ಮಣಿಯವರು ತಮ್ಮ ಜೀವಿತದ ಕಡೆಯ ಭಾಗದಲ್ಲಿ ಕೈಕೊಂಡ ಕೆಲಸವು ಈ ವೈಷಮ್ಯಕ್ಕೆ ಸಂಬಂಧಿಸಿದುದು. ಬಿಳಿಗಿರಿರಂಗನ ಬೆಟ್ಟದ ಕೆಳಗಿರುವ ಯಳಂದೂರನ್ನೂ ಸುತ್ತಣ ಹಳ್ಳಿಗಳನ್ನೂ ಆರಿಸಿಕೊಂಡು, ಅವರೂ ಅವರ ಸಂಗಡಿಗರೂ ಸುಮಾರು ೬೫,೦೦೦ ಜನರಲ್ಲಿ ರೋಗವನ್ನು ಎಣಿಕೆಮಾಡಿದರು. ೧೯೯೮ರಲ್ಲಿ ಪ್ರಕಟವಾದ ಈ ಎಣಿಕೆಯಂತೆ ಅಪಸ್ಮಾರಪೀಡಿತರು ಸಾವಿರಕ್ಕೆ ಸುಮಾರು ನಾಲ್ವರು. ಬಿಸಿನೀರಿನ ಅಪಸ್ಮಾರವು ಯಳಂದೂರಿನಲ್ಲಿ ಲಕ್ಷಕ್ಕೆ ೨೫೫ರಂತೆ ಇದ್ದು, ಬೆಂಗಳೂರಿನ ಎಣಿಕೆಯಲ್ಲಿ ೬೦ರಂತೆ ಮಾತ್ರ ಇದ್ದಿತು. ಯಾವ ಆಸ್ಪತ್ರೆಯ ದಫ್ತರದಲ್ಲಿಯೂ ಸೇರದಿದ್ದವರು ಹೀಗೆ ಮೊದಲನೆಯ ಸಲ ಲೆಕ್ಕಕ್ಕೆ ಬಂದರು.

ಎಣಿಕೆಯೊಂದಿಗೆ ಚಿಕಿತ್ಸೆಯೂ ನಡೆಯಿತು. ಅದುವರೆಗೆ ಚಿಕಿತ್ಸೆಯನ್ನೇ ಕಾಣದಿದ್ದ ೧೩೫ ಮಂದಿಗೆ ಫೀನೊಬಾರ್ಬಿಟಾಲನ್ನಾಗಲಿ ಫೆನಿಟಾಯಿನನ್ನಾಗಲಿ, ಕೆಲವರಿಗೆ ಎರಡನ್ನೂ, ಕೊಟ್ಟು ಐದು ವರ್ಷಗಳ ಕಾಲ ಅನುಸರಿಸಿ ನೋಡಿದರು. ಎರಡೂ ಹಳೆಯ ಔಷಧಗಳು, ಅಗ್ಗವಾದುವು. ಮೊದಲನೆಯದು ತೂಕಡಿಕೆಯನ್ನು ತರುವುದುಂಟು. ಎರಡನೆಯದರಿಂದ ಒಸಡು ಬಾಯುವುದುಂಟು. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೆಳವು ನಿಂತಿತು. ಚಿಕಿತ್ಸೆಗೆ ಮುಂಚೆ ಬಂದಿದ್ದ ದೊಡ್ಡ ಸೆಳವುಗಳ ಒಟ್ಟು ಸಂಖ್ಯೆ ಮೂವತ್ತನ್ನು ಮೀರದಿದ್ದವರಿಗೆ, ರೋಗವು ಎಷ್ಟು ಹಳೆಯದಾಗಿದ್ದರೂ, ಫಲವು ಉತ್ತಮವಾಗಿತ್ತು. ಇದನ್ನು ವಿವರಿಸುವ ಲೇಖನವು ೨೦೦೧ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವರ್ಷಗಟ್ಟಲೆ ಬಿಟ್ಟ ರೋಗಕ್ಕೆ ಇನ್ನು ಮದ್ದಿಲ್ಲವೆಂಬ ನಿರಾಶೆಗೆ ಆಧಾರವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ದೊಡ್ಡ ಯಂತ್ರಗಳಿಲ್ಲದೆ, ಬೆಲೆಯುಳ್ಳ ಔಷಧಗಳಿಲ್ಲದೆ, ಹಳ್ಳಿಯಲ್ಲಿಯೇ ಕ್ರಮತಪ್ಪದೆ ಮಾಡಿದ ಚಿಕಿತ್ಸೆಯು ಫಲಿಸುವುದೆಂಬುದು ಯಳಂದೂರಿನ ಪಾಠ.

೬

ಸೆಳವು ನಿಂತ ಮಾತ್ರಕ್ಕೆ ರೋಗಿಯು ತನ್ನ ಸ್ಥಾನಕ್ಕೆ ಮರಳಿದನೆಂದು ಹೇಳಲಾಗದು. ಪುನರ್ವಸತಿಯೆಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿರುವ ಅರ್ಥ ಇದೇ: ದೇಹಕ್ಕೆ ಉಳಿದಿರುವ ಶಕ್ತಿಯನ್ನು ಬಳಸಿಕೊಂಡು ಮನುಷ್ಯನನ್ನು ಅವನ ಮನೆಯಲ್ಲಿ, ಕಸುಬಿನಲ್ಲಿ, ಸಮಾಜದಲ್ಲಿ ಮತ್ತೆ ನೆಲೆಗೊಳಿಸುವುದು. ಪಾರ್ಶ್ವವಾಯುವಾದವನಿಗೆ ನಡಗೆಯನ್ನು ಮತ್ತೆ ಕಲಿಸಬೇಕಾಗುತ್ತದೆ. ಅಪಸ್ಮಾರದವನು ನಡೆಯಬಲ್ಲ, ದುಡಿಯಬಲ್ಲ. ಅವನಿಗೆ ಅಡ್ಡವಾಗಿರುವುದು ಹೆಚ್ಚಾಗಿ ನೆರೆಹೊರೆಯವರ ಭಯ. ಶಾಲೆಯನ್ನು ಬಿಡಿಸುವುದು, ಕೆಲಸವನ್ನು ತಪ್ಪಿಸುವುದು, ಮದುವೆಯ ಮಾತು ಮುರಿಯುವುದು ಎಂಬಿವು ಸೆಳವಿಗಿಂತ ಹೆಚ್ಚು ಕಾಲ ಉಳಿಯುವ ಪೀಡೆಗಳು.

ಈ ಭಯವು ಕಾಯಿದೆಯೊಳಕ್ಕೂ ಹೊಕ್ಕಿತ್ತು. ೧೯೫೫ರ ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ಮಾಡಿದ ತಿದ್ದುಪಡಿಯು, ಮರುಕಳಿಸುವ ಹುಚ್ಚಿನೊಡನೆ ಅಪಸ್ಮಾರವನ್ನೂ ಸೇರಿಸಿ, ಅದುಳ್ಳವರ ಮದುವೆಯನ್ನು ರದ್ದುಪಡಿಸುವುದಕ್ಕೆ ಆಸ್ಪದಮಾಡಿಕೊಟ್ಟಿತು. ಭಾರತೀಯ ಅಪಸ್ಮಾರ ಸಂಘವೇ ಮೊದಲಾದವುಗಳ ಪ್ರಯತ್ನದಿಂದ ೧೯೯೯ರ ತಿದ್ದುಪಡಿಯಲ್ಲಿ ಆ ಒಂದು ಮಾತನ್ನು ತೆಗೆದುಹಾಕಿದರು. ಶಾಸನದಿಂದ ಒಂದು ಶಬ್ದವು ಹೋಯಿತು. ಎಷ್ಟೋ ಮನೆಗಳ ಹೆಣ್ಣುಮಕ್ಕಳ ತಲೆಯ ಮೇಲಿದ್ದ ಕತ್ತಿಯೂ ಅದರೊಡನೆ ಹೋಯಿತು. ರೋಗದ ಹೆಸರನ್ನು ಎಲ್ಲಿ, ಯಾರ ಜೊತೆಯಲ್ಲಿ ಬರೆಯುವರೆಂಬುದು ಪಂಡಿತರ ಶಬ್ದಚರ್ಚೆ ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೭

ಕಡಬದ ತಾಮ್ರಶಾಸನವನ್ನೂ ಯಳಂದೂರಿನ ಎಣಿಕೆಯನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದರೆ ಸುಮಾರು ಸಾವಿರದ ಇನ್ನೂರು ವರ್ಷಗಳ ಅಂತರದಲ್ಲಿ ಬದಲಾದುದೂ ಬದಲಾಗದುದೂ ಸ್ಪಷ್ಟವಾಗುತ್ತವೆ. ಪೀಡೆಯು ನೀಗಿದಾಗ ಮನುಷ್ಯನು ತನ್ನ ಸ್ಥಾನದಲ್ಲಿ ನಿಲ್ಲಬೇಕೆಂಬ ಆಸೆ ಬದಲಾಗಿಲ್ಲ. ಅದನ್ನು ನೀಗಿಸಿದವನ ಋಣವನ್ನು ನಾಡು ನೆನೆಯಬೇಕೆಂಬ ಭಾವವೂ ಬದಲಾಗಿಲ್ಲ. ಬದಲಾದುದು ಎರಡು. ಕಾರಣವನ್ನು ಆಕಾಶದಲ್ಲಿ ಹುಡುಕುತ್ತಿದ್ದವರು ಮಿದುಳಿನಲ್ಲಿ ಹುಡುಕಿದರು. ಇದಕ್ಕಿಂತ ಮುಖ್ಯವಾದುದು ಎರಡನೆಯದು: ಕುನುಂಗಿಲ್ ದೇಶದಲ್ಲಿ ಅಂದು ಎಷ್ಟು ಮಂದಿ ಒಕ್ಕಲುಮಕ್ಕಳು ಇಂಥ ಪೀಡೆಯಿಂದ ನರಳಿದರೋ ಯಾವ ಶಾಸನವೂ ಹೇಳುವುದಿಲ್ಲ, ತಾಮ್ರಪಟದಲ್ಲಿ ಬರೆಯಿಸಿದುದು ಅರಸುಮಗನೊಬ್ಬನ ಪೀಡೆಯನ್ನು. ಯಳಂದೂರಿನ ಪಟ್ಟಿಯಲ್ಲಿ ಪ್ರತಿ ಮನೆಗೂ ಸ್ಥಳವಿದ್ದಿತು.

ಅರ್ಕಕೀರ್ತಿಯು ನಿವಾರಿಸಿದ ಪೀಡೆ ಯಾವುದೆಂದು ಮುಂದೆಯೂ ತಿಳಿಯುವಂತಿಲ್ಲ. ಆದರೆ ಕಡಬದ ಸೀಮೆಯಲ್ಲಿ ಇಂದು ಒಬ್ಬ ಹುಡುಗನಿಗೆ ಬಚ್ಚಲಿನಲ್ಲಿ ಸೆಳವು ಬಂದರೆ ಅದರ ಹೆಸರು ತಿಳಿದಿದೆ, ಕಾರಣವ ಬಹುಭಾಗ ತಿಳಿದಿದೆ, ಅಲ್ಪವೆಚ್ಚದ ಪರಿಹಾರವೂ ತಿಳಿದಿದೆ. ಈ ತಿಳಿವು ಆ ಮನೆಯ ಬಾಗಿಲವರೆಗೆ ಮುಟ್ಟಬೇಕಾದುದಷ್ಟೇ ಉಳಿದ ಕೆಲಸ. ಅದಕ್ಕೆ ವೈದ್ಯರಷ್ಟೇ ಸಾಲರು; ಹಳ್ಳಿಯ ಉಪಾಧ್ಯಾಯರೂ, ತಿಳಿಗನ್ನಡದಲ್ಲಿ ಶಾಸ್ತ್ರವನ್ನು ಬರೆಯಬಲ್ಲವರೂ ಅದರಲ್ಲಿ ಪಾಲುಗೊಳ್ಳಬೇಕು.